ಮಸ್ಕಿಯ ಕಲ್ಲಿಗಾಗಿ ಗಾಡಿ ತಿರುಗಿಸಿದ್ದು

ಹದಿನಾರು ವರ್ಷಗಳಿಂದ ಮಸ್ಕಿಯನ್ನು ನಾನು ಒಂದು ಅಂಕಕ್ಕೆ ಕಲಿಸುತ್ತ ಬಂದಿದ್ದೇನೆ. ‘ಅಶೋಕನ ಹೆಸರು ಮೊದಲು ಸಿಕ್ಕ ಶಾಸನ ಯಾವುದು?’ ಮಕ್ಕಳು ಕಣ್ಣು ಮುಚ್ಚಿ ಮಸ್ಕಿ ಅಂತ ಬರೆಯುತ್ತಾರೆ, ನಾನು ಕಣ್ಣು ಮುಚ್ಚಿ ಸರಿ ಗುರುತು ಹಾಕುತ್ತೇನೆ. ಆದರೆ ಬಳ್ಳಾರಿಯಿಂದ ಲಿಂಗಸುಗೂರಿನ ನಾದಿನಿ ಮನೆಗೆ ವರ್ಷಕ್ಕೆ ಮೂರು ನಾಲ್ಕು ಸಲ ಹೋಗುವವಳು, ಹೆದ್ದಾರಿ ಮಸ್ಕಿಯನ್ನು ಹಾಯ್ದೇ ಹೋಗುವಾಗ, ಒಮ್ಮೆಯೂ ಇಳಿದವಳಲ್ಲ. ಹೋಗುವಾಗ ಹೊತ್ತಾಗಿರುತ್ತದೆ, ಬರುವಾಗ ಕತ್ತಲಾಗಿರುತ್ತದೆ. ಸ್ಟಾಫ್ ರೂಮಿನಲ್ಲಿ ಯಾರೋ, ‘ಮಸ್ಕಿ ಶಾಸನ ನೋಡೋ ಹಂಗ ಐತೇನ್ರಿ ಮೇಡಂ, ಅಷ್ಟು ದೂರ ಹೋಗಬೌದಾ?’ ಅಂತ ಕೇಳಿದ ದಿನ ನಿಜಕ್ಕೂ ನಾಚಿಕೆಯಾಯಿತು.

ಡಿಸೆಂಬರಿನಲ್ಲಿ ನಾದಿನಿಯ ಮಗಳ ಕುಬಸ ಬಂತು. ಈ ಸಲ ಇಳಿಯಲೇಬೇಕು ಅಂತ ಗಟ್ಟಿ ಮಾಡಿಕೊಂಡು, ಶಾಸನದ ಅಕ್ಷರಗಳ ಒಂದು ಪ್ರಿಂಟನ್ನು ಮಡಚಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಆರಕ್ಕೆ ಬಳ್ಳಾರಿ ಬಿಟ್ಟೆವು. ಡಿಕ್ಕಿಯಲ್ಲಿ ಹಸಿರು ಸೀರೆ, ಬಳೆಯ ಡಬ್ಬಿ, ಎರಡು ಬುಟ್ಟಿ ಕರ್ಚಿಕಾಯಿ, ಶೇಂಗಾ ಹೋಳಿಗಿ. ಮುಂದಿನ ಸೀಟಿನಲ್ಲಿ ಅತ್ತೆ, ಹಿಂದೆ ನಾನು ಮತ್ತು ಎಂಟನೇ ಕ್ಲಾಸಿನ ಮಗ, ಅವನ ಕಿವಿಯಲ್ಲಿ ಇಯರ್‌ಫೋನ್.

ತೆಕ್ಕಲಕೋಟೆ ದಾಟುವಾಗ ಮೆಲ್ಲಗೆ ವಿಷಯ ತೆಗೆದೆ. ನಮ್ಮೆಜಮಾನರದು ಬಳ್ಳಾರಿಯಲ್ಲಿ ಕಾಳಿನ ದಲಾಲಿ ಅಂಗಡಿ. ಇತಿಹಾಸ ಅಂದರೆ ಹೋದ ವರ್ಷದ ಭತ್ತದ ರೇಟು. ಆದರೂ ಎಲ್ಲಿ ಓದಿದ್ದರೋ, ಸರಿಯಾಗಿ ಅಡ್ಡ ಹಾಕಿದರು.

‘ಅಶೋಕನ ಹೆಸರಿರೋ ಕಲ್ಲು ಇಲ್ಲೇ ನಿಟ್ಟೂರಾಗೂ ಐತಿ, ಉಡೇಗೋಳದಾಗೂ ಐತಿ. ನಮ್ಮ ಜಿಲ್ಲೆದಾಗ ಎರಡು ಬಿಟ್ಟು ರಾಯಚೂರು ಜಿಲ್ಲೆದ್ದು ಯಾಕ ಬೇಕು ನಿಂಗ?’

ಮಾತು ಸುಳ್ಳಲ್ಲ. ಸಿರುಗುಪ್ಪ ತಾಲ್ಲೂಕಿನ ಆ ಎರಡು ಊರುಗಳಲ್ಲೂ, ಮಧ್ಯಪ್ರದೇಶದ ಗುಜರ್ರಾದಲ್ಲೂ ಅಶೋಕನ ಹೆಸರು ಸಿಕ್ಕಿದೆ. ಆದರೆ ಅವೆಲ್ಲ ಆಮೇಲಿನವು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ದೇಶದ ತುಂಬ ಬಂಡೆಗಳಲ್ಲಿ ಕಂಡಿದ್ದು ‘ದೇವಾನಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ಈ ಪಿಯದಸಿ ಯಾರು? ಶ್ರೀಲಂಕೆಯ ಪಾಲಿ ಗ್ರಂಥಗಳನ್ನು ಓದಿಕೊಂಡಿದ್ದ ಟರ್ನರ್, ಇವನು ಅಶೋಕನೇ ಅಂತ ತೋರಿಸಿದ. ಅದು ಪುಸ್ತಕದ ಸಾಕ್ಷಿ. ಆ ರಾಜನ ಶಾಸನವೇ ಬಾಯಿಬಿಟ್ಟು ತನ್ನ ಒಡೆಯನ ಹೆಸರು ಹೇಳಿದ್ದು 1915ರಲ್ಲಿ, ಮಸ್ಕಿಯಲ್ಲಿ. ಆಗ ಮಸ್ಕಿ ನಿಜಾಮರ ಹೈದರಾಬಾದಿನಲ್ಲಿತ್ತು. ಕಂಡವನು ಪಂಡಿತನೂ ಅಲ್ಲ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಹಟ್ಟಿ ಹತ್ತಿರವೇ ಇದೆಯಲ್ಲ, ಆ ಸೀಮೆಯಲ್ಲಿ ಚಿನ್ನ ಹುಡುಕಿಕೊಂಡು ಬಂದವನ ಕಣ್ಣಿಗೆ ಅಕ್ಷರ ಬಿತ್ತು. ಅದನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು.

ಇಷ್ಟನ್ನೂ ನಾನು ಒಂದೇ ಉಸಿರಿಗೆ ಹೇಳಿದೆ. ಮಗ ಇಯರ್‌ಫೋನ್ ತೆಗೆಯಲಿಲ್ಲ. ಎಜಮಾನರು ‘ಹ್ಞೂಂ’ ಅಂದರು. ಅತ್ತೆ ಮಾತ್ರ, ‘ಮಸ್ಕ್ಯಾಗ ಗುಡ್ಡದ ಮಲ್ಲಯ್ಯ ಅದಾನ. ಇವತ್ತು ಸೋಮವಾರ ಬ್ಯಾರೆ’ ಅಂದರು. ನನಗೆ ಅಷ್ಟು ಸಾಕಾಗಿತ್ತು. ಒಂದು ಓಟು ಅಶೋಕನಿಗೆ, ಒಂದು ಓಟು ಮಲ್ಲಿಕಾರ್ಜುನನಿಗೆ, ಎರಡೂ ಮಸ್ಕಿಗೇ.

ದಢೇಸುಗೂರಿನ ಸೇತುವೆಯಲ್ಲಿ ತುಂಗಭದ್ರೆ ದಾಟಿ ರಾಯಚೂರು ಜಿಲ್ಲೆಗೆ ಬಿದ್ದೆವು. ಅಲ್ಲಿಂದ ಸಿಂಧನೂರಿನ ತನಕ ಭತ್ತವೇ ಭತ್ತ. ಹೆದ್ದಾರಿಯ ಒಂದು ಪಟ್ಟಿಯನ್ನೇ ಕಣ ಮಾಡಿಕೊಂಡು ಒಣಹಾಕಿದ್ದರು, ಉಳಿದ ಪಟ್ಟಿಯಲ್ಲಿ ಎದುರು ಲಾರಿ, ಈ ಕಡೆ ನಾವು. ಸಿಂಧನೂರಿನಲ್ಲಿ ಒಗ್ಗರಣಿ-ಮಿರ್ಚಿ ತಿಂದು ಚಹಾ ಕುಡಿದು ಏಳುವ ಹೊತ್ತಿಗೆ ಒಂಬತ್ತಾಗುತ್ತ ಬಂದಿತ್ತು. ಹನ್ನೆರಡರೊಳಗೆ ಲಿಂಗಸುಗೂರು ಮುಟ್ಟಬೇಕು.

ಮಸ್ಕಿಯಲ್ಲಿ ಮೊದಲ ಎಡವಟ್ಟು. ಚಹಾದಂಗಡಿಯ ಮುಂದೆ ನಿಂತವರೊಬ್ಬರನ್ನು ಕೇಳಿ ಅವರು ತೋರಿಸಿದ ಓಣಿ ಹಿಡಿದರೆ ಅದು ಒಂದು ತಿಪ್ಪೆಗುಂಡಿಯ ಮುಂದೆ ಮುಗಿಯಿತು. ಗಾಡಿ ತಿರುಗಿಸಲೂ ಜಾಗವಿಲ್ಲ. ಎಜಮಾನರು ಕತ್ತು ಹೊರಳಿಸಿ, ಒಂದು ಎಮ್ಮೆಯನ್ನೂ ಎರಡು ಬೈಕನ್ನೂ ದಾಟಿಸಿ ಹಿಂದಕ್ಕೆ ತಂದರು. ಬಾಯಲ್ಲಿ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಹೆಚ್ಚು ಕೇಳಿಸಿತು. ಆಮೇಲೆ ಕುರಿ ಹೊಡೆದುಕೊಂಡು ಹೊರಟಿದ್ದ ಹುಡುಗನೊಬ್ಬ, ‘ಅಶೋಕನ ಕಲ್ಲಾ? ಮ್ಯಾಲ ಹತ್ತಬ್ಯಾಡ್ರಿ, ಇಲ್ಲೇ ಬುಡಕ್ಕ ಐತಿ’ ಅಂತ ದಾರಿ ಹೇಳಿದ. ಹೊಸಬರು ಗುಡ್ಡ ಕಂಡ ಕೂಡಲೇ ಮೇಲೆ ಹತ್ತುತ್ತಾರೆ ಅಂತ ಅವನಿಗೆ ಗೊತ್ತಿತ್ತು.

ಅತ್ತೆ ಗಾಡಿಯಿಂದ ಇಳಿದು ಗುಡ್ಡದ ಕಡೆ ತಿರುಗಿ ಕೈಮುಗಿದರು. ಮಲ್ಲಯ್ಯನ ಮೆಟ್ಟಿಲು ಅವರ ಮೊಣಕಾಲಿಗೆ ಆಗದ ಮಾತು. ‘ಇಲ್ಲಿಂದಾನ ಮುಟ್ಟತೈತಿ’ ಅಂದರು. ಕಲ್ಲಿನ ತನಕ ಮಾತ್ರ ನನ್ನ ತೋಳು ಹಿಡಿದುಕೊಂಡು ಬಂದರು.

ಈಗ ಉಳ್ಳದ್ದು ಉಳ್ಳಂತೆ ಹೇಳಿಬಿಡುತ್ತೇನೆ. ನೋಡಲು ಏನಿದೆ ಅಂದರೆ ಹೆಚ್ಚೇನೂ ಇಲ್ಲ. ದೊಡ್ಡ ಬಂಡೆಗಳು ಒಂದಕ್ಕೊಂದು ಆತು ಗವಿಯ ಹಾಗೆ ಆದ ಜಾಗ. ಕಬ್ಬಿಣದ ಜಾಳಿಗೆ. ಒಳಗೆ ಕಂದುಬಣ್ಣದ ಒರಟು ಕಲ್ಲು. ಮಗ ಬಗ್ಗಿ ನೋಡಿ, ‘ಇಷ್ಟೇನಾ?’ ಅಂದ. ಎಜಮಾನರು ಗಡಿಯಾರ ನೋಡಿಕೊಂಡರು. ನನಗೂ ಎದೆ ಧಸಕ್ಕೆಂದಿತು, ಯಾಕೆಂದರೆ ನನಗೆ ಅಕ್ಷರವೇ ಕಾಣಲಿಲ್ಲ. ಕಲ್ಲಿನ ಗೀರು, ಬಿರುಕು, ಮಳೆನೀರಿನ ಕಲೆ, ಎಲ್ಲ ಒಂದೇ ಥರ.

ಆಗ ನೆನಪಾಯಿತು. ಶಾಸನ ಓದುವವರು ಎದುರಿನಿಂದ ಬೆಳಕು ಬಿಡುವುದಿಲ್ಲ, ಪಕ್ಕದಿಂದ ಬಿಡುತ್ತಾರೆ. ಮಗನ ಮೊಬೈಲ್ ಇಸಿದುಕೊಂಡು ಟಾರ್ಚ್ ಹಾಕಿ, ಜಾಳಿಗೆಯ ಒಂದು ಬದಿಯಿಂದ, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಹಿಡಿದೆ. ಒಂದೊಂದೇ ಗೀರಿನೊಳಗೆ ನೆರಳು ಕೂತಿತು. ಕಲ್ಲಿನ ಮೇಲೆ ಅಕ್ಷರ ಎದ್ದು ಬಂತು. ಮೊದಲು ಕಂಡದ್ದು ಒಂದು ಕೂಡುವ ಚಿಹ್ನೆ.

‘ಪ್ಲಸ್ ಐತಿ ನೋಡಮ್ಮ’ ಅಂದ ಮಗ. ಇಯರ್‌ಫೋನ್ ಅಷ್ಟರಲ್ಲಿ ಕೊರಳಿಗೆ ಇಳಿದಿತ್ತು.

‘ಅದು ಪ್ಲಸ್ ಅಲ್ಲೋ, ಕ.’

ಬ್ರಾಹ್ಮಿಯಲ್ಲಿ ಕ ಅಂದರೆ ಬರೀ ಅಡ್ಡಗೆರೆ ಮೇಲೊಂದು ಉದ್ದಗೆರೆ. ಆ ಗೆರೆಗಳ ತುದಿ ನೂರಾರು ವರ್ಷ ಬಾಗುತ್ತ ಬಳುಕುತ್ತ ನಮ್ಮ ಕನ್ನಡದ ಕ ಆಗಿದ್ದು. ಪ್ರಿಂಟನ್ನು ಬಿಚ್ಚಿ ಹೋಲಿಸುತ್ತ ಅದರ ಹಿಂದು ಮುಂದಿನದನ್ನು ಹುಡುಕಿದೆವು. ಹಿಂದೆ ಅ, ಸೋ. ಮುಂದೆ ಸ. ‘ದೇವಾನಂಪಿಯಸ ಅಸೋಕಸ’. ದೇವರಿಗೆ ಪ್ರಿಯನಾದ ಅಶೋಕನದು ಎಂದು. ಹದಿನಾರು ವರ್ಷ ಕೊಟ್ಟ ಒಂದೊಂದು ಅಂಕವೂ ಈ ನಾಲ್ಕು ಅಕ್ಷರಕ್ಕೇ ಅಂತ ಗೊತ್ತಿದ್ದರೂ, ಕಣ್ಣೆದುರು ಬಂದಾಗ ನನ್ನ ಕೈಯಲ್ಲಿದ್ದ ಟಾರ್ಚ್ ಅಲುಗಿ ಅಕ್ಷರ ಮತ್ತೆ ಮಾಯವಾಯಿತು.

‘ಏನ್ ಬರಸ್ಯಾನವ್ವ ಅದರಾಗ?’ ಅತ್ತೆ ಕೇಳಿದರು.

ಇರುವುದು ಎಂಟೇ ಸಾಲು, ಅಲ್ಲಲ್ಲಿ ಸವೆದಿದೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಮೊದಲು ಅಷ್ಟು ಶ್ರದ್ಧೆಯಿರಲಿಲ್ಲ, ಸಂಘಕ್ಕೆ ಹೋದ ಮೇಲೆ ಬಂತು ಅನ್ನುತ್ತಾನೆ ರಾಜ. ಶ್ರದ್ಧೆಯಿರಲಿಲ್ಲ ಅನ್ನುವ ಮಾತು ಈ ಕಲ್ಲಿನಲ್ಲಿ ಓದಲು ಸಿಗುವುದಿಲ್ಲ, ಇದೇ ಶಾಸನದ ಬೇರೆ ಊರಿನ ಪ್ರತಿಗಳಲ್ಲಿದೆ. ಮೊದಲು ಜಂಬೂದ್ವೀಪದಲ್ಲಿ ಮನುಷ್ಯರ ಜೊತೆ ಬೆರೆಯದಿದ್ದ ದೇವರುಗಳು ಈಗ ಬೆರೆತಿದ್ದಾರೆ ಅನ್ನುತ್ತಾನೆ. ಇದು ದೊಡ್ಡವರಿಗಷ್ಟೇ ಸಿಗುವುದಲ್ಲ, ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಸಿಗುತ್ತದೆ, ‘ಖುದಕ’ರಿಗೂ ‘ಉದಾಲಕ’ರಿಗೂ, ಅಂದರೆ ಸಣ್ಣವರಿಗೂ ದೊಡ್ಡವರಿಗೂ, ಇದನ್ನು ಹೇಳಬೇಕು ಅನ್ನುತ್ತಾನೆ. ಹೀಗೆ ನಡೆದರೆ ಇದು ಬಹುಕಾಲ ನಿಲ್ಲುತ್ತದೆ, ಬೆಳೆದು ಒಂದೂವರೆ ಪಟ್ಟು ಆಗುತ್ತದೆ. ಅಲ್ಲಿಗೆ ಮುಗಿಯಿತು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲು ಶ್ರದ್ಧಿ ಇದ್ದಿಲ್ಲ ಅಂತ ಬರಸ್ಯಾನಲ್ಲ, ರಾಜ ಆಗಿ’ ಅಂದರು. ನಾನು ಇಷ್ಟು ವರ್ಷ ಪಾಠ ಮಾಡಿದರೂ ಆ ಸಾಲನ್ನು ಹಾಗೆ ಓದಿರಲಿಲ್ಲ.

ಎಜಮಾನರನ್ನು ಹಿಡಿದದ್ದು ಬೇರೆ. ಒಂದೂವರೆ ಅನ್ನುವುದಕ್ಕೆ ಶಾಸನದಲ್ಲಿ ಯಾವ ಪದ ಅಂತ ಕೇಳಿದರು. ‘ದಿಯಢಿಯ’ ಅಂದೆ. ‘ಮತ್ತ ಎರಡೂವರೆಗೆ?’ ‘ಅಢಾತಿಯ.’ ಅವರ ಮುಖ ಅರಳಿತು. ‘ಅಲ್ಲಲೇ, ಇದು ನಮ್ಮ ಬಜಾರಿನ ಲೆಕ್ಕ! ದೇಢ್, ಅಢಾಯಿ!’ ಅವರ ಅಂಗಡಿಗೆ ಬರುವ ಹಳೆಯ ಸಾಬರೊಬ್ಬರು ಇವತ್ತಿಗೂ ದೇಢ್ ಕ್ವಿಂಟಲ್, ಅಢಾಯಿ ಕ್ವಿಂಟಲ್ ಎಂದೇ ಎಣಿಸುವುದು. ಆ ಮಾತುಗಳು ಈ ಪ್ರಾಕೃತದ ಮಾತುಗಳಿಂದಲೇ ಇಳಿದು ಬಂದವು. ಆಮೇಲೆ ಗಡಿಯಾರ ನೋಡಬೇಕಾದವಳು ನಾನಾದೆ. ಅವರು ಟಾರ್ಚನ್ನು ತಾವೇ ಹಿಡಿದು ಕೊನೆಯ ಸಾಲಿನಲ್ಲಿ ದೇಢ್ ಹುಡುಕುತ್ತ ನಿಂತಿದ್ದರು. ಸಿಗಲಿಲ್ಲ, ಆ ಭಾಗ ನಮ್ಮ ಕಣ್ಣಿಗೆ ನಿಲುಕಲಿಲ್ಲ.

ಹಾಗಾದರೆ ಹೋಗಬಹುದಾ? ಹಂಪಿಗೆ ಬಂದವರು ಬರೀ ಈ ಕಲ್ಲಿಗಾಗಿ ಅಷ್ಟು ದೂರ ಬರಬೇಡಿ, ಮನೆಯವರು ಬೈಯುತ್ತಾರೆ. ಕಣ್ಣಿಗೆ ಹಬ್ಬ ಬೇಕಾದವರಿಗೆ ಕೊಪ್ಪಳ ಜಿಲ್ಲೆಯ ಇಟಗಿ ಇದೆ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ, ಅಲ್ಲಿನ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅನ್ನುತ್ತದೆ, ಆ ಹೆಸರಿಗೆ ಮೋಸವಿಲ್ಲ. ಕೋಟೆ ಬೇಕಾದವರು ಲಿಂಗಸುಗೂರು ದಾಟಿ ಮುದಗಲ್ಲಿಗೆ ಹೋಗಿ. ಆದರೆ ಸಿಂಧನೂರು–ಲಿಂಗಸುಗೂರು ದಾರಿಯಲ್ಲಿ ಹೇಗೂ ಹೊರಟವರು ಒಂದು ತಾಸು ಮುಂಚೆ ಮನೆ ಬಿಟ್ಟು ಇಲ್ಲಿ ಇಳಿಯಲೇಬೇಕು ಅನ್ನುವವಳು ನಾನು. ಕೈಯಲ್ಲಿ ಅಕ್ಷರದ ಪ್ರಿಂಟಿರಲಿ, ಟಾರ್ಚಿರಲಿ, ಕುಡಿಯುವ ನೀರಿರಲಿ. ಬೇಸಿಗೆಯ ಮಧ್ಯಾಹ್ನ ಮಾತ್ರ ಬೇಡ, ರಾಯಚೂರಿನ ಬಿಸಿಲಲ್ಲಿ ಬಂಡೆ ಹೆಂಚಾಗಿರುತ್ತದೆ. ಇನ್ನು ಸುತ್ತಲಿನ ಬಂಡೆಗಳ ಮೇಲೆ ಪೇಂಟಿನಲ್ಲಿ ತಮ್ಮ ಮತ್ತು ತಮ್ಮ ಹುಡುಗಿಯ ಹೆಸರು ಬರೆದ ಮಹಾರಾಯರ ಬಗ್ಗೆ ಏನು ಹೇಳಲಿ. ಅವರಿಗೆ ಲಿಪಿಕಾರನೂ ಸಿಗಲಿಲ್ಲ, ಕಾಗುಣಿತವೂ ಬರುವುದಿಲ್ಲ.

ಲಿಂಗಸುಗೂರು ಮುಟ್ಟಿದಾಗ ಹನ್ನೆರಡು ದಾಟಿ ಇಪ್ಪತ್ತು ನಿಮಿಷ. ಮುತ್ತೈದೆಯರು ಆರತಿ ತಟ್ಟೆ ಹಿಡಿದು ನಮ್ಮ ಸೀರೆಗಾಗಿ ಕಾಯುತ್ತಿದ್ದರು. ನಾದಿನಿಯ ಮುಖ ಊದಿತ್ತು. ‘ಎಲ್ಲಿ ಕುಂತಿದ್ರಿ ವೈನಿ ಇಷ್ಟೊತ್ತು?’ ನಾನು ಬಾಯಿ ತೆರೆಯುವುದರೊಳಗೆ ಅತ್ತೆ, ‘ಮಲ್ಲಯ್ಯಗ ಕೈಮುಗದು ಬಂದ್ವಿ’ ಅಂದರು. ಅರ್ಧ ಸತ್ಯ, ಆದರೆ ಮುಖ ಇಳಿಯಿತು.

ಊಟ, ಬಳೆ, ಫೋಟೊ, ಎಲ್ಲ ಮುಗಿದು ಹೊರಟಾಗ ಸಂಜೆ. ಮಸ್ಕಿ ಬಂದಾಗ ಗುಡ್ಡ ಕಪ್ಪಗಾಗಿತ್ತು. ಸಿರುಗುಪ್ಪ ದಾಟಿ ತೆಕ್ಕಲಕೋಟೆಯ ಹತ್ತಿರ ಬಂದಾಗ ಎಂಟೂವರೆ ಆಗಿರಬೇಕು. ಅತ್ತೆ ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗಿದ್ದರು. ಎಜಮಾನರು ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

‘ನಿಟ್ಟೂರಿಗೆ ತಿರುಗಿಸ್ಲಾ?’

‘ಕತ್ತಲಾಗೇತ್ರಿ, ಸೀದಾ ನಡೀರಿ’ ಅಂದೆ.