ಹುಣಸೆ ಮರದ ಯಜಮಾನ್ತಿ

ಹಕ್ಕಿಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರಿಗೆ ಹೊರಟವರು ಚಾಲಕನಿಗೆ ಬರೀ ‘ಬೆಳ್ಳೂರು’ ಎಂದು ಹೇಳಿ ಸುಮ್ಮನಾಗಬೇಡಿ. ಅದೇ ಮಂಡ್ಯ ಜಿಲ್ಲೆಯಲ್ಲಿ, ನಾಗಮಂಗಲದ ಕಡೆ, ಇನ್ನೊಂದು ಬೆಳ್ಳೂರಿದೆ. ಊರಿನ ಪೂರ್ತಿ ಹೆಸರು ಹೇಳಿದ್ದರೂ ನಮ್ಮ ಬಾಡಿಗೆ ಕಾರಿನ ಮಹಾಶಯ ಅತ್ತಲೇ ತಿರುಗಿಸಿದ್ದ. ಬೆಳಗಿನ ತಂಪೆಲ್ಲ ರಸ್ತೆಯಲ್ಲೇ ಕರಗಿತು, ಸುತ್ತಿದ್ದಕ್ಕೆ ಬಾಡಿಗೆಯನ್ನೂ ನಮ್ಮಿಂದಲೇ ಕಿತ್ತ. ನಿಮಗೆ ಬೇಕಾದದ್ದು ಮದ್ದೂರು ತಾಲ್ಲೂಕು. ಹಳೇ ಮೈಸೂರು ರಸ್ತೆಯ ರುದ್ರಾಕ್ಷಿಪುರದಲ್ಲಿ ತಿರುಗಿದರೆ ಸುಮಾರು 12 ಕಿ.ಮೀ. ಎಕ್ಸ್‌ಪ್ರೆಸ್‌ವೇ ಹತ್ತಿದಿರೋ, ಆ ತಿರುವು ಸಿಗುವುದಿಲ್ಲ.

ರಂಗನತಿಟ್ಟಿನಲ್ಲಿ ಟಿಕೆಟ್ಟು, ದೋಣಿ, ಹಕ್ಕಿಗೂ ನಮಗೂ ನಡುವೆ ನೀರು. ನನಗದು ಎಂದೂ ಅಷ್ಟಾಗಿ ರುಚಿಸಿಲ್ಲ. ಇಲ್ಲಿ ಹಂಚಿನ ಮನೆಯ ನೆತ್ತಿಗೇ ಹೆಜ್ಜಾರ್ಲೆಯ (ಪೆಲಿಕನ್) ಗೂಡು, ಕೆಳಗೆ ಕಟ್ಟಿದ ಕರು, ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಮೀನಿನ ನಾತ ಊರು ಸೇರುವ ಮೊದಲೇ ಮೂಗಿಗೆ ಬಡಿಯುತ್ತದೆ. ಬಣ್ಣದ ಕೊಕ್ಕರೆಗಳು ಚೆಲುವೆಯರೇ, ಒಪ್ಪಿದೆ. ಆದರೆ ಅಷ್ಟು ದೊಡ್ಡ ಮೈ ಹೊತ್ತು ಸಪೂರ ಕೊಂಬೆಯ ಮೇಲೆ ಇಳಿಯುವ ಹೆಜ್ಜಾರ್ಲೆಯ ಪೇಚಾಟದ ಮುಂದೆ ನನಗೆ ಅವು ಸಪ್ಪೆ.

ಒಂದು ಹಿತ್ತಿಲ ಬೇಲಿಯ ಬಳಿ ಕತ್ತೆತ್ತಿ ನಿಂತಿದ್ದೆ. ಅಜ್ಜಿಯೊಬ್ಬರು, “ಮರದ ಕೆಳಗ್ ನಿಂತ್ಕಬೇಡಿ, ಅಂಗಿ ಹಾಳಾಯ್ತದೆ” ಎಂದು ಜಗಲಿಗೆ ಕರೆದರು. ಮರ ಅವರದೇ. ಹಕ್ಕಿಗಳು ತವರಿಗೆ ಬಂದ ಹೆಣ್ಣುಮಕ್ಕಳಂತೆ ಎಂಬ ಮಾತನ್ನು ಈ ಊರಿನ ಬಗ್ಗೆ ಬರೆದವರೆಲ್ಲ ಬರೆದಿದ್ದಾರೆ. ನಾನೂ ಅದನ್ನೇ ಎತ್ತಿದೆ. ಅಜ್ಜಿ ನಕ್ಕುಬಿಟ್ಟರು.

“ಮಗಳು ಬಂದ್ರೆ ಹುಣಸೆಹಣ್ಣು ಬಡಿಯಕ್ಕೆ ಕೈ ಹಾಕ್ತಾಳೆ. ಇವು ಬಂದ್ರೆ ನಾವೇ ಹಣ್ಣು ಮುಟ್ಟಂಗಿಲ್ಲ.”

ಹಣ್ಣು ಬಲಿಯುವುದೂ ಗೂಡಿನಲ್ಲಿ ಮರಿ ಬಾಯಿ ತೆರೆಯುವುದೂ ಒಂದೇ ಕಾಲಕ್ಕೆ. ಕೋಲು ಬೀಸಿದರೆ ಮರಿ ಉದುರುತ್ತದೆ. ಹಣ್ಣು ಬಿಟ್ಟುಕೊಟ್ಟ ಮರಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದಲ್ಲ ಎಂದೆ. “ಕೊಡ್ತಾರೆ. ಸಂತೆ ರೇಟಿಗೆ ಸಮ ಆಯ್ತದಾ?” ಮತ್ತೆ ಅವರೇ, “ಗೊಬ್ಬರ ಐತಲ್ಲ” ಎಂದು ಮರದ ಬುಡದ ಗುಂಡಿ ತೋರಿಸಿದರು. ಕೆರೆಯ ಗೋಡು ತಂದು ತುಂಬಿದರೆ ಹಿಕ್ಕೆ ಅದರ ಮೇಲೇ ಬಿದ್ದು ಬೆರೆಯುತ್ತದೆ, ಆಮೇಲೆ ಹೊಲಕ್ಕೆ ಸಾಗುತ್ತದೆ. ಆದರೆ ಅದೇ ಹಿಕ್ಕೆ ಎಲೆ ಸುಟ್ಟು ಮರವನ್ನು ಸೊರಗಿಸುತ್ತದೆ ಎಂಬುದೂ ಅವರ ಲೆಕ್ಕದಲ್ಲಿತ್ತು. ಮರ ಕೇಳಿಕೊಂಡು ವ್ಯಾಪಾರಿಗಳು ಬಂದರೆ ಕೊಡುವುದೋ ಬಿಡುವುದೋ ಎಂದು ಮನೆಯಲ್ಲಿ ಜಗಳವೇ ಆಗುತ್ತದಂತೆ.

ಈ ಹಕ್ಕಿಗಳ ಬಗ್ಗೆ 19ನೇ ಶತಮಾನದಲ್ಲೇ ಬ್ರಿಟಿಷ್ ಪಕ್ಷಿತಜ್ಞ ಜೆರ್ಡನ್ ಬರೆದಿದ್ದಾನೆ. ಪ್ಲೇಗಿಗೆ ಹೆದರಿ ಶಿಂಷಾ ದಡದಿಂದ ಊರು ಎದ್ದು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಊರವರು ಹೇಳುತ್ತಾರೆ. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರ ಜೊತೆ ಸೇರಿ ಊರ ಹುಡುಗರು ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಅವರ ಕೆಲಸ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

2017ರ ಕೊನೆಗೆ ಶುರುವಾದ ಸಾವಿನ ಮಾತು ಬಂದಾಗ ಅಜ್ಜಿಯ ದನಿ ಇಳಿಯಿತು. ದೊಡ್ಡ ಹೆಜ್ಜಾರ್ಲೆಗಳೇ ಒಂದೊಂದಾಗಿ ಉರುಳಿದ್ದವು, ಹೊಟ್ಟೆಯಲ್ಲಿ ಜಂತುಹುಳ. “ಕೆರೆಗೆ ಕೊಳಕು ಬಿಟ್ಟೋರು ಯಾರೋ. ಮೀನು ತಿಂದ್ವು, ಸತ್ವು. ನಮ್ಮೂರ ಮರ ನಾವು ಕಾಯ್ಬೋದು, ಊರೂರ ಕೆರೆ ಕಾಯಕ್ಕಾಯ್ತದಾ?”

ಹೊಸ ಸಸಿ ನೆಟ್ಟಿದ್ದೀರಾ ಎಂದೆ. ಹಿತ್ತಿಲು ಇಬ್ಬರು ಗಂಡುಮಕ್ಕಳಿಗೆ ಪಾಲಾಗಿದೆ, ಅಲ್ಲಿ ಜಾಗವಿಲ್ಲ. ಕಬ್ಬಿನ ಗದ್ದೆಯ ಬದುವಿಗೆ ಎರಡು ಹಾಕಿಸಿದ್ದಾರೆ. ಅಷ್ಟು ದೂರಕ್ಕೆ ಹಕ್ಕಿ ಹೋದಾವೇ?

“ಅವು ಜನ ಇರೋ ಕಡೇನೇ ಕೂರೋದು. ನೋಡಾಣ, ಚಿಕ್ಕ ಮಗ ಅಲ್ಲೇ ಮನೆ ಕಟ್ತೀನಿ ಅಂತಾವ್ನೆ.”