ಅಪ್ಪನ ಎರಡನೇ ಬಟನ್ನು
17 ನವೆಂಬರ್ 2019, ಭಾನುವಾರ ರಾತ್ರಿ

ಅಪ್ಪನ ಕಾರಿಗೆ ಹೊಸ ಬ್ಯಾಟರಿ ಹಾಕ್ಸಿದ್ದೇ ತಡ, ರೇಡಿಯೋ ಕೋಡ್ ಕೇಳ್ತಾ ಕೂತಿದೆ. ಆ ಸೆಟ್ಟಿಗೆ ಒಂದು ಕರೆಂಟು ಕೀ ತಿರುಗಿಸಿದಾಗ ಬರತ್ತೆ, ಇನ್ನೊಂದು ಬ್ಯಾಟರಿಯಿಂದ ನೇರ ಯಾವಾಗ್ಲೂ ಬರ್ತಾ ಇರತ್ತೆ, ಸ್ಟೇಷನ್ನು ಗಡಿಯಾರ ಎಲ್ಲ ನೆನಪಿಟ್ಕೊಳ್ಳೋದು ಆ ಎರಡನೇದರಿಂದ. ಬ್ಯಾಟರಿ ಬಿಚ್ಚಿದ್ರೆ ಎಲ್ಲಾ ಖಾಲಿ, ಕದ್ದ ಸೆಟ್ಟು ಅನ್ಕೊಂಡು ಲಾಕೂ ಆಗತ್ತೆ. ಸುಮ್ನೆ ಊಹೆ ಮಾಡಿ ನಂಬರ್ ಒತ್ತೋಹಾಗಿಲ್ಲ. ಪುಣ್ಯಕ್ಕೆ ಮ್ಯಾನುಯಲ್ ಜೊತೆ ಕೋಡಿನ ಚೀಟಿ ಅಮ್ಮ ಜೋಪಾನವಾಗಿ ಇಟ್ಟಿದ್ರು.

ಕೋಡ್ ಒತ್ತಿದ ಮೇಲೆ ಸೆಟ್ಟಿಗೆ ಜೀವ ಬಂತು. ನನ್ನ ತಮ್ಮ ಫೋನಲ್ಲೇ "ಆಟೋ ಸ್ಟೋರ್ ಒತ್ತೇ, ಅದೇ ತುಂಬ್ಕೊಳತ್ತೆ" ಅಂದ. ಅಪ್ಪ ಬೇಡವೇ ಬೇಡ ಅಂದ್ರು. ಅದು ಜೋರಾಗಿ ಸಿಗೋ ಸ್ಟೇಷನ್ನೆಲ್ಲ ತನಗೆ ಬೇಕಾದ ಹಾಗೆ ತುಂಬ್ಸತ್ತೆ, ಅಪ್ಪನಿಗೆ ಬೇಕಾಗಿರೋದು ಊರಿನ ದಾರೀಲಿ ಸಿಗೋ ಕ್ರಮ. ಒಂದರಲ್ಲಿ ಎಫ್‌ಎಂ ರೇನ್‌ಬೋ 101.3, ಎರಡರಲ್ಲಿ ವಿವಿಧ ಭಾರತಿ 102.9, ಅವೆರಡೂ ಬೆಂಗಳೂರಿಂದ ಹೊರಟಾಗ. ದೂರ ಹೋಗ್ತಾ ಹೋಗ್ತಾ ಗೊರಗೊರ ಶುರುವಾದ್ರೆ ಎಎಂಗೆ ಹಾಕಿ ಬೆಂಗಳೂರು ಆಕಾಶವಾಣಿ 612, ಅದು ನೆಲ ಹಿಡ್ಕೊಂಡು ಬರೋ ಅಲೆ, ಎಫ್‌ಎಂ ಕೈಬಿಟ್ಟ ಕಡೆನೂ ಸಿಗತ್ತೆ. ಆಮೇಲೆ ಶ್ರೀರಂಗಪಟ್ಟಣದ ಕಡೆ ಆರನೇ ಬಟನ್ನು, ಮೈಸೂರು ಆಕಾಶವಾಣಿ 100.6. ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ರೂ ಇವತ್ತೇ ನಂಗೆ ಇದು ಗೊತ್ತಾಗಿದ್ದು!

ಒಂದೊಂದೇ ಹುಡುಕಿ, ಬಟನ್ನು ಬೀಪ್ ಅನ್ನೋವರೆಗೂ ಒತ್ತಿ ಹಿಡಿದು ಸೇವ್ ಮಾಡಿದೆ. ಮೈಸೂರಿಂದು ಇಲ್ಲಿ ಸಿಗಲ್ಲ, ಬರೀ ನಂಬರಿಗೆ ತಂದು ನಿಲ್ಲಿಸಿದೆ. ಒಳಗೆ ಸಿಕ್ಕಿಕೊಂಡಿದ್ದ ಅಮ್ಮನ ದೇವರನಾಮದ ಸಿಡಿನೂ ಈಚೆ ಬಂತು. ಕಾರು ಗುಂಡಿಗೆ ಇಳಿದಾಗೆಲ್ಲ ಹಾಡು ಎಗರತ್ತೆ ಅಂತ ಅಮ್ಮನ ದೂರು, ಸೆರಗಲ್ಲಿ ಸುತ್ತ ಸುತ್ತ ಒರೆಸ್ತಿದ್ರು, ಹಾಗಲ್ಲಮ್ಮ, ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸ್ಬೇಕು ಅಂತ ತೋರಿಸ್ದೆ.

ಆಮೇಲೆ ನಾನು ಸುಮ್ನೆ, "ಅಪ್ಪಾ, ಈಗ ಎಷ್ಟು ತೋರಿಸ್ತಿದೆ ಓದಿ, ಸರಿ ಇದ್ಯಾ ನೋಡೋಣ" ಅಂದೆ.

"ನೀನೇ ನೋಡಮ್ಮ."

"ನಿಮ್ಮ ಎದುರಿಗೇ ಇದೆ ಅಲ್ವಾ."

ಸ್ವಲ್ಪ ಹೊತ್ತು ಬಿಟ್ಟು, "ಆ ನಂಬರ್ ಕಾಣಲ್ಲ ಪುಟ್ಟಿ. ಕಾಣದೆ ಎಷ್ಟೋ ದಿನ ಆಯ್ತು. ಬೆರಳಿಗೆ ಗೊತ್ತಲ್ಲ" ಅಂದ್ರು. ವಾಲ್ಯೂಮ್ ತಿರುಪಿಂದ ಬಲಕ್ಕೆ ಬೆರಳು ಜಾರಿಸಿ ಎರಡನೇದನ್ನ ಒತ್ತಿ ತೋರಿಸಿದ್ರು. ವಿವಿಧ ಭಾರತಿ ಬಂತು. ಖುಷಿಯಾಗಿ ನಕ್ಕರು.

ನಂಗೆ ನಗೋಕೆ ಆಗ್ಲಿಲ್ಲ. ರಸ್ತೆ? ಅಂದೆ. "ದೂರದ್ದೆಲ್ಲ ಚೆನ್ನಾಗೇ ಕಾಣತ್ತೆ, ಹತ್ತಿರದ್ದೇ ಮಬ್ಬು, ಪೇಪರ್‌ಗೆ ಕನ್ನಡಕ ಹಾಕ್ಕೊಳ್ಳಲ್ವಾ" ಅಂದ್ರು. ನಿಜವೇ ಇರಬಹುದು, ವಯಸ್ಸಾದ್ರೆ ಹಾಗೇ ಅಲ್ವಾ ಆಗೋದು, ಆದ್ರೆ ಸ್ಪೀಡ್ ತೋರಿಸೋ ಮುಳ್ಳೂ ಹತ್ತಿರದ್ದೇ ತಾನೇ.

ಅಪ್ಪನ ಹುಟ್ಟುಹಬ್ಬಕ್ಕೆ ನನ್ನ ತಮ್ಮ ಟಚ್ ಸ್ಕ್ರೀನ್ ಸೆಟ್ಟು ಹಾಕಿಸ್ತೀನಿ ಅಂತ ಕೂತಿದಾನೆ. ಬೇಡ ಅಂತ ಮೆಸೇಜ್ ಹಾಕಿದೀನಿ. ನುಣುಪು ಗಾಜಿನ ಮೇಲೆ ಎರಡನೇ ಬಟನ್ ಎಲ್ಲಿ ಅಂತ ಬೆರಳಿಗೆ ಹೇಗೆ ಗೊತ್ತಾಗತ್ತೆ, ಪ್ರತಿ ಸಲನೂ ರಸ್ತೆ ಬಿಟ್ಟು ಅದನ್ನೇ ನೋಡ್ಬೇಕು. ಕಾರಲ್ಲಿ ಗುಂಡಿ ತಿರುಪುಗಳೇ ಇರ್ಬೇಕು, ಅಷ್ಟೇ.

ಕಣ್ಣಿನ ಡಾಕ್ಟರ್ ವಿಷಯ ಅಮ್ಮನ ಹತ್ರ ಮೊದಲು ಮಾತಾಡ್ಬೇಕು. ಅಪ್ಪನಿಗೆ ನೇರ ಹೇಳಿದ್ರೆ ಕಾರು ಕಿತ್ಕೊಳ್ತಾರೆ ಅನ್ಕೊಂಡ್ಬಿಡ್ತಾರೆ. ಮುಂದಿನ ವಾರ ಊರಿಗೆ ಹೊರಟಿದ್ದಾರೆ ಬೇರೆ, ನಾನೇ ಓಡಿಸ್ತೀನಿ ಅನ್ನೋಣ ಅಂದ್ರೆ