‘ನಾನು ಯಾರು?’ ಅನ್ನೋದು ಜಪ ಅಲ್ಲ

ರಮಣ ಮಹರ್ಷಿಗಳ ಆತ್ಮವಿಚಾರ ಅಂದರೆ ‘ನಾನು ಯಾರು, ನಾನು ಯಾರು’ ಅಂತ ಮನಸ್ಸಲ್ಲೇ ಹೇಳಿಕೊಂಡು ಕೂರುವುದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದಲ್ಲ.

1896ರಲ್ಲಿ ಮದುರೆಯಲ್ಲಿ, ಮುಂದೆ ರಮಣ ಮಹರ್ಷಿ ಆದ ಹದಿನಾರರ ಹುಡುಗ ವೆಂಕಟರಾಮನ್‌ಗೆ ಇದ್ದಕ್ಕಿದ್ದಂತೆ ಸಾವಿನ ಭಯ ಹಿಡಿಯಿತು. ಆತ ಯಾರನ್ನೂ ಕರೆಯಲಿಲ್ಲ. ಹೆಣದ ಹಾಗೆ ಕೈಕಾಲು ಚಾಚಿ ಮಲಗಿ, ಉಸಿರು ಹಿಡಿದು, ತುಟಿ ಬಿಗಿದು, ಈ ಮೈ ಸತ್ತರೆ ನಾನೂ ಸಾಯ್ತೀನಾ ಅಂತ ಒಳಗೇ ನೋಡಿದ. ಅದೇ ವರ್ಷ ಮನೆ ಬಿಟ್ಟು ತಿರುವಣ್ಣಾಮಲೈ ಸೇರಿದವರು, 1950ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ.

ಅವರು ಹೇಳಿದ ದಾರಿ ಕೇಳೋಕೆ ಸುಲಭ. ರಾತ್ರಿ ಹನ್ನೊಂದಕ್ಕೆ ಮೇಲಿನ ಮನೆಯವರು ಮಿಕ್ಸಿ ಹಾಕಿದರು ಅಂತಿಟ್ಟುಕೊಳ್ಳಿ. ಸಿಟ್ಟು ಬರುತ್ತದೆ. ಈ ಸಿಟ್ಟು ಯಾರಿಗೆ ಬಂತು? ನನಗೆ. ಆ ‘ನಾನು’ ಎಲ್ಲಿಂದ ಎದ್ದಿತು? ಇಲ್ಲಿ ನಿಲ್ಲಬೇಕು. ಬುದ್ಧಿ ಕೂಡಲೇ ‘ನಾನು ಬ್ರಹ್ಮ’ ಅಂತ ಓದಿದ್ದನ್ನು ಒಪ್ಪಿಸುತ್ತದೆ, ಆದರೆ ಅದೂ ಇನ್ನೊಂದು ಯೋಚನೆ, ಅಷ್ಟೇ ಅಲ್ವಾ? ಚಿತೆ ಕೆದಕುವ ಕೋಲು ಕೊನೆಗೆ ತಾನೂ ಸುಟ್ಟುಹೋಗುವ ಹಾಗೆ ಈ ಪ್ರಶ್ನೆಯೂ ಹೋಗಬೇಕು ಅನ್ನುತ್ತಿದ್ದರು ಮಹರ್ಷಿಗಳು.

ಮಿಕ್ಸಿ ನಿಲ್ಲುವುದಿಲ್ಲ, ಬಿಡಿ. ಸಿಟ್ಟಿನ ಕಾವು ಮಾತ್ರ ಸ್ವಲ್ಪ ಇಳಿಯುತ್ತದೆ, ಯಾಕಂದರೆ ಗಮನ ಮೇಲಿನ ಮನೆ ಬಿಟ್ಟು ಸಿಟ್ಟಾದವನ ಕಡೆ ತಿರುಗಿರುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಗಾಢ ನಿದ್ದೆ. ಅಲ್ಲಿ ಹೆಸರಿಲ್ಲ, ಮೈಯಿಲ್ಲ, ಯೋಚನೆಯಿಲ್ಲ, ಆದರೂ ಬೆಳಗ್ಗೆ ಎದ್ದು ‘ಸಖತ್ತಾಗಿ ನಿದ್ದೆ ಬಂತು’ ಅಂತೀವಿ. ನೋಡಿದ್ದು ಯಾರು?